ಹಿಮದ ಊರಿಗೆ ಹಳೆಯ ಕಾರು: ಮೊದಲು ಅಡಿಭಾಗ, ಆಮೇಲೆ ಬ್ಯಾಡ್ಜು

ನಮ್ಮ ವಿಜಯಪುರ, ಬಾಗಲಕೋಟೆಯ ಕಡೆಯಿಂದ ಎಂ.ಎಸ್. ಓದಲೆಂದೋ ಕೆಲಸಕ್ಕೆಂದೋ ಅಮೆರಿಕದ ಉತ್ತರದ ರಾಜ್ಯಗಳಿಗೆ ಬರುವ ಮಕ್ಕಳು ಅಕ್ಟೋಬರ್ ಹೊತ್ತಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಹುಡುಕಾಟಕ್ಕೆ ಬೀಳುತ್ತಾರೆ. ಊರಲ್ಲಿರುವ ತಂದೆತಾಯಿಗಳು ಹಣ ಕಳಿಸುವ ಮುನ್ನ ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಹಿಮ ಬೀಳುವ ಊರಿನಲ್ಲಿ ಇಂಜಿನ್ನಿನ ಶಕ್ತಿ ನಾಲ್ಕೂ ಗಾಲಿಗೆ ಹೋಗುವ ಆಲ್ ವೀಲ್ ಡ್ರೈವ್ ಗಾಡಿಯೇ ಬೇಕೇ, ಬೇಕಾದರೆ ಯಾವುದನ್ನು ಕೊಳ್ಳಬೇಕು? ಹಲವು ವರ್ಷಗಳಿಂದ ಮಿನೆಸೋಟಾ ರಾಜ್ಯದ ಡುಲೂತ್ ನಗರದಲ್ಲಿರುವ ನಾನು ಈ ಪ್ರಶ್ನೆಗೆ ಫೋನಿನಲ್ಲಿ ತುಣುಕು ತುಣುಕಾಗಿ ಉತ್ತರಿಸುತ್ತ ಬಂದಿದ್ದೇನೆ. ಅದನ್ನು ಒಮ್ಮೆ ವಿವರವಾಗಿ ಬರೆದಿಟ್ಟರೆ ನಾಲ್ಕು ಮನೆಗಳಿಗೆ ಉಪಯೋಗವಾದೀತು ಎಂಬುದು ಈ ಬರಹದ ಉದ್ದೇಶ.

ಡುಲೂತ್ ನಗರವು ಸುಪೀರಿಯರ್ ಸರೋವರದ ದಂಡೆಯಿಂದ ನೇರವಾಗಿ ಗುಡ್ಡವನ್ನು ಏರುತ್ತದೆ. ಸರೋವರದ ಕಡೆಯಿಂದ ಮೇಲಕ್ಕೆ ಹೋಗುವ ರಸ್ತೆಗಳೆಲ್ಲ ಕಡಿದಾದ ಏರುಗಳು; ಅಡ್ಡರಸ್ತೆ ಬಂದಲ್ಲಿ ಏರಿನ ಮೇಲೆಯೇ ನಿಲ್ಲಿಸಿ, ಏರಿನ ಮೇಲಿಂದಲೇ ಮತ್ತೆ ಹೊರಡಬೇಕು. ವರ್ಷಕ್ಕೆ ಸರಾಸರಿ ಎರಡು ಮೀಟರಿಗೂ ಹೆಚ್ಚು ಹಿಮ ಬೀಳುತ್ತದೆ, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶವು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯುವುದು ವಿಶೇಷವೇನಲ್ಲ. ಇಂಥ ಊರಿನಲ್ಲಿ ಆಲ್ ವೀಲ್ ಡ್ರೈವ್‌ಗೆ ಕೊಡುವ ಹಣ ವ್ಯರ್ಥವಾಗುವುದಿಲ್ಲ. ಆದರೆ ಇದೇ ರಾಜ್ಯದ ಮಿನಿಯಾಪೊಲಿಸ್‌ನಂಥ ಸಮತಟ್ಟಾದ ನಗರದಲ್ಲಿ ಓದುವವರಿಗೆ ಮುಂದಿನ ಗಾಲಿಗಳಿಂದ ಓಡುವ ಸಾಧಾರಣ ಕಾರು ಮತ್ತು ನಾಲ್ಕು ಒಳ್ಳೆಯ ಚಳಿಗಾಲದ ಟೈರುಗಳು ಸಾಕು ಎಂದೇ ನಾನು ಹೇಳುತ್ತೇನೆ. ಹೋಗುವ ಊರು ಯಾವುದೆಂದು ತಿಳಿಯದೆ ಗಾಡಿಯನ್ನು ಆರಿಸಲು ಬರುವುದಿಲ್ಲ.

ಕಳೆದ ವರ್ಷ ತಾಳಿಕೋಟೆಯ ಹಿರಿಯರೊಬ್ಬರು ಮಗನಿಗಾಗಿ ಗಾಡಿಯ ವಿಚಾರ ಕೇಳಲು ಫೋನು ಮಾಡಿದ್ದರು. “ತಮ್ಮಾ, ನಾಕೂ ಗಾಲಿ ಜಗ್ಗತಾವ ಅಂದ ಮ್ಯಾಲ ಜಾರೂ ಮಾತೆಲ್ಲೈತಪಾ? ರೊಕ್ಕ ಜರಾ ಹೆಚ್ಚಾದ್ರೂ ಅಡ್ಡಿಯಿಲ್ಲ, ಹುಡುಗಗ ಅಂಥಾದ್ದ ಕೊಡಸು” ಎಂದರು. “ಗಾಡಿ ಹೊಂಡಾಕ ಅದು ಬೇಕ್ರಿ ಕಾಕಾರ, ನಿಲ್ಲಾಕ ಟೈರ ಬೇಕು” ಎಂದು ನಾನು ಹೇಳಿದ್ದು ಅವರಿಗೆ ಮೊದಲು ಒಪ್ಪಿಗೆಯಾಗಲಿಲ್ಲ. ಇಂಜಿನ್ನಿನ ಶಕ್ತಿ ಎರಡು ಗಾಲಿಗೆ ಹೋಗಲಿ, ನಾಲ್ಕು ಗಾಲಿಗೆ ಹೋಗಲಿ, ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಗಾಲಿಗೆ ಇರುತ್ತದೆ. ಆದ್ದರಿಂದ ಕಾರು ನಿಲ್ಲುವ ವಿಷಯದಲ್ಲಿ ಆಲ್ ವೀಲ್ ಡ್ರೈವ್‌ನಿಂದ ಯಾವ ಲಾಭವೂ ಇಲ್ಲ. ಮಂಜುಗಡ್ಡೆಯ ಮೇಲೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ರಬ್ಬರು ಮಾತ್ರ. ಅಪಾಯವಿರುವುದೂ ಇಲ್ಲಿಯೇ: ನಾಲ್ಕೂ ಗಾಲಿಗಳು ಎಳೆಯುವ ಗಾಡಿ ಹಿಮದಲ್ಲಿ ಸಲೀಸಾಗಿ ವೇಗ ಹಿಡಿಯುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಬ್ರೇಕು ತುಳಿಯುವವರೆಗೆ ಚಾಲಕನ ಗಮನಕ್ಕೆ ಬರುವುದೇ ಇಲ್ಲ.

ಟೈರಿನ ಮಾತನ್ನು ನಮ್ಮ ಭಾಗದ ಒಕ್ಕಲುತನದ ಮನೆಯವರಿಗೆ ತಿಳಿಸುವುದು ಕಷ್ಟವಲ್ಲ. ಡೋಣಿ ಸಾಲಿನ ಎರೆಮಣ್ಣು ಮಳೆಗಾಲದಲ್ಲಿ ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡಿತೆಂದರೆ ಟ್ರ್ಯಾಕ್ಟರು ಕೂಡ ಇದ್ದಲ್ಲಿಯೇ ಗಾಲಿ ತಿರುಗಿಸುತ್ತ ನಿಂತುಬಿಡುತ್ತದೆ. ಹಿಮದಲ್ಲಿ ಇದಕ್ಕೆ ತಿರುವುಮುರುವಾದ ಸಂಗತಿ ನಡೆಯುತ್ತದೆ: ಹಲ್ಲುಗಳ ಸಂದಿಯಲ್ಲಿ ಗಟ್ಟಿಯಾಗಿ ತುಂಬಿಕೊಂಡ ಹಿಮವೇ ರಸ್ತೆಯ ಹಿಮವನ್ನು ಹಿಡಿದುಕೊಳ್ಳುತ್ತದೆ, ಏಕೆಂದರೆ ರಬ್ಬರಿಗಿಂತ ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ. ಆದ್ದರಿಂದ ಸಂದಿ ಆಳವಾಗಿರಬೇಕು, ಸವೆದಿರಬಾರದು. ಇದರ ಜೊತೆಗೆ ಸಾಮಾನ್ಯ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಕಡುಚಳಿಯಲ್ಲೂ ಮೆತ್ತಗಿರುವಂತೆ ಬೆರೆಸಿದ್ದು. ಅದರ ಮೈಮೇಲೆ ತುಂಬ ಸಣ್ಣ ಸೀಳುಗಳಿರುತ್ತವೆ, ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ ಮತ್ತು ಅದರೊಳಗೆ ಹಿಮದ ಹೂವಿನ ಗುರುತು ಇರುತ್ತದೆ. ನೆರೆಯ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಹಾಕಿಸುವುದು ಕಾನೂನಿನಂತೆ ಕಡ್ಡಾಯ. ಮಿನೆಸೋಟಾದಲ್ಲಿ ಅಂಥ ಕಾನೂನಿಲ್ಲ. ಆದರೂ ಇದನ್ನು ಕಾನೂನೆಂದೇ ತಿಳಿದು ನಡೆಯಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಹಳೆಯ ಆಲ್ ವೀಲ್ ಡ್ರೈವ್ ಕಾರಿನಲ್ಲಿ ಟೈರು ಇನ್ನೂ ಒಂದು ಕಥೆಯನ್ನು ಹೇಳುತ್ತದೆ. ನಾಲ್ಕರಲ್ಲಿ ಒಂದು ಟೈರು ಹೆಚ್ಚು ಸವೆದಿದ್ದರೆ ಅದರ ಸುತ್ತಳತೆ ಕಡಿಮೆಯಾಗಿ, ಅಷ್ಟೇ ದಾರಿಯನ್ನು ಕ್ರಮಿಸಲು ಅದು ಉಳಿದವುಗಳಿಗಿಂತ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಆ ವ್ಯತ್ಯಾಸವನ್ನು ಸರಿದೂಗಿಸಲು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಕ್ಲಚ್ ಅಥವಾ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಬಿಡುವಿಲ್ಲದೆ ದುಡಿದು, ಕಾದು, ಕೊನೆಗೆ ಕೆಡುತ್ತದೆ. ಜಪಾನಿನ ಸುಬಾರು ಕಾರು ಕಂಪನಿಯು ನಾಲ್ಕೂ ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ, ಅಂದರೆ ಸುಮಾರು 6 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿರಬಾರದು ಎಂದು ಹೇಳುತ್ತದೆ. ಹೀಗಾಗಿ ಕಾರನ್ನು ನೋಡಲು ಹೋದಾಗ ಬಣ್ಣವನ್ನು ನೋಡುವ ಮೊದಲು ನಾಲ್ಕೂ ಟೈರುಗಳ ಕಂಪನಿ, ಹೆಸರು, ಸವೆತ ಮತ್ತು ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕಂಕಿಯ ತಯಾರಿಕೆಯ ಗುರುತನ್ನು ನೋಡಬೇಕು. ಮೊದಲ ಎರಡು ಅಂಕಿಗಳು ವಾರವನ್ನೂ ಕೊನೆಯ ಎರಡು ಅಂಕಿಗಳು ವರ್ಷವನ್ನೂ ತಿಳಿಸುತ್ತವೆ. ಎರಡು ಒಂದು ಕಂಪನಿಯವು, ಒಂದು ಹೊಸದು, ಒಂದು ಬೋಳು ಎನ್ನುವಂತಿದ್ದರೆ ಹಿಂದಿನ ಮಾಲೀಕರು ಆ ಗಾಡಿಯನ್ನು ಹೇಗೆ ನೋಡಿಕೊಂಡಿದ್ದಾರೆ ಎಂಬುದು ಅಲ್ಲಿಗೇ ಗೊತ್ತಾಗುತ್ತದೆ, ಮತ್ತು ಅಂಥ ಕಾರನ್ನು ಅಗ್ಗಕ್ಕೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ಇನ್ನು ತುಕ್ಕು. ಊರಿನವರಿಗೆ ಇದರ ಗಾಂಭೀರ್ಯ ಸುಲಭವಾಗಿ ಅಂದಾಜಿಗೆ ಬರುವುದಿಲ್ಲ, ಏಕೆಂದರೆ ನಮ್ಮ ಒಣ ಹವೆಯಲ್ಲಿ ಇಪ್ಪತ್ತು ವರ್ಷದ ಜೀಪಿನ ಚೇಸಿಸ್ಸೂ ಗಟ್ಟಿಮುಟ್ಟಾಗಿಯೇ ಇರುತ್ತದೆ. ಇಲ್ಲಿ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಅಡುಗೆ ಉಪ್ಪಿನದೇ ಜಾತಿಯ ಈ ಉಪ್ಪು ಶೂನ್ಯಕ್ಕಿಂತ ಸುಮಾರು 9 ಡಿಗ್ರಿ ಕೆಳಗಿನವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಳಿ ಅದಕ್ಕಿಂತ ಹೆಚ್ಚಾದಾಗ ಮೆಗ್ನೀಷಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್‌ಗಳ ದ್ರಾವಣವನ್ನು ಬಳಸುತ್ತಾರೆ. ಗಾಲಿಗಳು ಎರಚುವ ಆ ಉಪ್ಪುನೀರು ಕಾರಿನ ಅಡಿಭಾಗದ ಮೂಲೆಮೂಲೆಗೂ ಸೇರಿ, ವರ್ಷದಲ್ಲಿ ಐದಾರು ತಿಂಗಳು ಅಲ್ಲಿಯೇ ಕುಳಿತಿರುತ್ತದೆ.

ಆ ತಾಳಿಕೋಟೆಯ ಹುಡುಗನಿಗಾಗಿ ನೋಡಿದ ಒಂದು ಕಾರು ಮೇಲಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಪರಿಚಯದ ಮೆಕ್ಯಾನಿಕ್ ಅದನ್ನು ಲಿಫ್ಟಿನ ಮೇಲೆ ಏರಿಸಿದಾಗ ಬಾಗಿಲುಗಳ ಕೆಳಗಿನ ಪಟ್ಟಿಯ ಉದ್ದಕ್ಕೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದರು. ಮುಂದಿನ ಬಾಗಿಲಿನ ಕೆಳಗೆ ಠಣ್ ಎಂದು ಬರುತ್ತಿದ್ದ ಸದ್ದು ಹಿಂದಿನ ಗಾಲಿ ಸಮೀಪಿಸಿದಂತೆ ದಪ್ ದಪ್ ಎನ್ನತೊಡಗಿತು, ಮತ್ತೊಮ್ಮೆ ತಟ್ಟಿದಾಗ ಕಪ್ಪು ಬಣ್ಣದ ಹಿಂದಿನಿಂದ ಕೆಂಪು ಪುಡಿ ಉದುರಿತು. ಹಿಂದಿನ ಆಕ್ಸಲ್‌ನ ಮೇಲೆ ಹಾದುಹೋಗುವ ಬ್ರೇಕಿನ ಉಕ್ಕಿನ ಪೈಪನ್ನು ಹುಡುಗ ಉಗುರಿನಿಂದ ಕೆರೆದರೆ ಪದರು ಪದರಾಗಿ ಕಳಚುತ್ತಿತ್ತು. “ಕಾಕಾ, ಇದು ಒಡದ್ರ ಬ್ರೇಕ ಹೋದಂಗ ಅಲ್ರಿ?” ಎಂದು ಅವನೇ ಕೇಳಿದ. ಬಹುಮಟ್ಟಿಗೆ ಹೌದು. ಹಳೆಯ ಕಾರಿನ ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅದನ್ನು ಆರೈಕೆಯೆಂದು ತಿಳಿಯದೆ ಅನುಮಾನದಿಂದಲೇ ನೋಡಬೇಕು. ಮೇಲ್ಮೈಯಲ್ಲಿ ಕಾಣುವ ತೆಳುವಾದ ಕಂದು ತುಕ್ಕಿಗೆ ಹೆದರಬೇಕಾಗಿಲ್ಲ, ಇಲ್ಲಿ ಅದಿಲ್ಲದ ಹಳೆಯ ಗಾಡಿಯೇ ಸಿಗುವುದಿಲ್ಲ. ಚುಚ್ಚಿದರೆ ಒಳಹೋಗುವ, ಬೆರಳಿಗೆ ಪದರು ಬರುವ ತುಕ್ಕು ಸಬ್‌ಫ್ರೇಮ್ (ಅಡಿಯಲ್ಲಿ ಇಂಜಿನ್ನು, ಗಾಲಿಗಳ ಜೋಡಣೆಯನ್ನು ಹೊತ್ತ ಚೌಕಟ್ಟು), ಬ್ರೇಕ್ ಪೈಪು, ಪೆಟ್ರೋಲ್ ಪೈಪುಗಳಲ್ಲಿ ಕಂಡರೆ ಬೇರೆ ಕಾರು ಹುಡುಕಬೇಕು.

ಅರಿಜೋನಾ, ಟೆಕ್ಸಸ್‌ನಂಥ ಬಿಸಿಲು ರಾಜ್ಯಗಳಲ್ಲಿ ಓಡಿದ ಕಾರು ಸಿಕ್ಕರೆ ತುಕ್ಕಿನ ಚಿಂತೆ ಬಹುಪಾಲು ಇರುವುದಿಲ್ಲ. ಹೀಗಿದ್ದರೂ ಸಮುದ್ರತೀರದ ರಾಜ್ಯಗಳಿಂದ ಬಂದ ಕಾರು ಚಂಡಮಾರುತದ ನೆರೆಯಲ್ಲಿ ಮುಳುಗಿತ್ತೇ ಎಂಬುದನ್ನು ವಿಚಾರಿಸಬೇಕು. ಪ್ರತಿ ಕಾರಿಗೂ ಬೇರೆಯಾಗಿರುವ 17 ಅಕ್ಷರ ಮತ್ತು ಅಂಕಿಗಳ ವಿಐಎನ್ ಗುರುತುಸಂಖ್ಯೆಯಿಂದ ಕಾರ್‌ಫ್ಯಾಕ್ಸ್‌ನಂಥ ವರದಿ ತರಿಸಿದರೆ ಗಾಡಿ ಯಾವ ಯಾವ ರಾಜ್ಯಗಳಲ್ಲಿ ನೋಂದಣಿಯಾಗಿತ್ತು, ಅಪಘಾತವಾಗಿದೆಯೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ನಮ್ಮ ಆರ್‌ಸಿ ಪುಸ್ತಕಕ್ಕೆ ಸಮನಾದ ಟೈಟಲ್ ಪತ್ರದಲ್ಲಿ ಸಾಲ್ವೇಜ್ (ಭಾರಿ ಹಾನಿಯಾದದ್ದು) ಅಥವಾ ರೀಬಿಲ್ಟ್ (ಅಂಥ ಹಾನಿಯಾದ ಮೇಲೆ ದುರಸ್ತಿಯಾದದ್ದು) ಎಂಬ ಪದವಿದ್ದರೆ ವಿದ್ಯಾರ್ಥಿಗಳು ಅದರಿಂದ ದೂರವಿರುವುದು ಒಳ್ಳೆಯದು.

ಯಾವ ಕಾರು ಎಂಬ ಪ್ರಶ್ನೆಗೆ ಈಗ ಬರಬಹುದು. ಊರಿನ ಥಾರ್, ಜಿಪ್ಸಿಗಳಲ್ಲಿರುವ ಲಿವರ್ ಎಳೆದು ಹಾಕುವ ಫೋರ್ ವೀಲ್ ಡ್ರೈವ್ ಬೇರೆ, ಇಲ್ಲಿನ ಆಲ್ ವೀಲ್ ಡ್ರೈವ್ ಬೇರೆ. ಅಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುವುದರಿಂದ ಒಣ ರಸ್ತೆಯ ತಿರುವಿನಲ್ಲಿ ಗಾಡಿ ಹಿಡಿದಂತಾಗುತ್ತದೆ. ಇಲ್ಲಿನ ರಸ್ತೆ ಹತ್ತು ಮಾರು ಒಣಗಿದ್ದು, ಮುಂದಿನ ಹತ್ತು ಮಾರು ಮಂಜುಗಡ್ಡೆಯಾಗಿರುವುದರಿಂದ ತಾನಾಗಿಯೇ ಹೊಂದಿಸಿಕೊಳ್ಳುವ ಆಲ್ ವೀಲ್ ಡ್ರೈವ್ ಹೆಚ್ಚು ಅನುಕೂಲ. ಸುಬಾರುವಿನ ಫಾರೆಸ್ಟರ್, ಔಟ್‌ಬ್ಯಾಕ್, ಕ್ರಾಸ್‌ಟ್ರೆಕ್‌ಗಳಲ್ಲಿ ಶಕ್ತಿ ಯಾವಾಗಲೂ ನಾಲ್ಕೂ ಗಾಲಿಗಳಿಗೆ ಹೋಗುತ್ತಿರುತ್ತದೆ. ಹೋಂಡಾ ಸಿಆರ್‌ವಿಯಲ್ಲಿ ಮುಖ್ಯವಾಗಿ ಮುಂದಿನ ಗಾಲಿಗಳೇ ಎಳೆಯುತ್ತಿದ್ದು, ಹಿಡಿತ ತಪ್ಪುವ ಸೂಚನೆ ಬಂದೊಡನೆ ಕ್ಲಚ್ ಹಿಂದಿನ ಗಾಲಿಗಳನ್ನು ಜೋಡಿಸುತ್ತದೆ. ಟೊಯೋಟಾ ರ‍್ಯಾವ್4ನ ಹೆಚ್ಚಿನ ಮಾದರಿಗಳೂ ಇದೇ ಬಗೆಯವು. ಕಡಿದಾದ ಏರಿನಲ್ಲಿ ನನಗೆ ಮೊದಲನೆಯ ಬಗೆ ಹೆಚ್ಚು ನೆಚ್ಚಿಕೆಯದು, ನಗರದ ಓಡಾಟಕ್ಕೆ ಎರಡನೆಯದೂ ಸಾಕು. ಸುಬಾರುವಿನಲ್ಲಿ ಹಳೆಯ 2.5 ಲೀಟರಿನ ಇಂಜಿನ್‌ಗಳಿಗೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಭಾಗಗಳು ಕೂಡುವಲ್ಲಿ ಸಂದಿ ಮುಚ್ಚುವ ಪಟ್ಟಿ) ಸೋರುವ ರೋಗವಿತ್ತು. 2011ರ ಫಾರೆಸ್ಟರ್ ಮತ್ತು 2013ರ ಔಟ್‌ಬ್ಯಾಕ್‌ನಿಂದ ಬೇರೆ ಇಂಜಿನ್ ಬಂದಿತು, ಹಾಗಾಗಿ ಆ ವರ್ಷಗಳಿಂದೀಚಿನವನ್ನೇ ನೋಡಬೇಕು. ರ‍್ಯಾವ್4 ಹೈಬ್ರಿಡ್‌ನಲ್ಲಿ ಹಿಂದಿನ ಗಾಲಿಗಳಿಗೆ ಪ್ರತ್ಯೇಕ ವಿದ್ಯುತ್ ಮೋಟಾರು ಇರುತ್ತದೆ. 2019ರಿಂದ ಈಚಿನ ಕೆಲವು ಗಾಡಿಗಳಲ್ಲಿ ಆ ಮೋಟಾರಿಗೆ ಹೋಗುವ ಕೇಬಲ್ಲಿನ ಜೋಡಣೆಗೆ ಉಪ್ಪಿನಿಂದ ತುಕ್ಕು ಹಿಡಿದದ್ದರಿಂದ ಕಂಪನಿಯು ಅದಕ್ಕೆ ವಾರಂಟಿಯನ್ನು ವಿಸ್ತರಿಸಿತು; ಕೊಳ್ಳುವವರು ಆ ಜೋಡಣೆಯನ್ನು ತೋರಿಸಲು ಕೇಳಬೇಕು. ಯಾವುದೇ ಕಂಪನಿಯದಾದರೂ 2012 ಅಥವಾ ಅನಂತರದ ಮಾದರಿಯಾಗಿದ್ದರೆ ಜಾರಿದಾಗ ಗಾಡಿಯನ್ನು ದಾರಿಗೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಇದ್ದೇ ಇರುತ್ತದೆ, ಏಕೆಂದರೆ ಆಗಿನಿಂದ ಅಮೆರಿಕದಲ್ಲಿ ಅದು ಕಡ್ಡಾಯವಾಗಿದೆ.

ಓಡಿಸಿ ನೋಡುವಾಗ ಖಾಲಿ ಪಾರ್ಕಿಂಗ್ ಜಾಗದಲ್ಲಿ ಸ್ಟೇರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಬೇಕು, ಆಮೇಲೆ ಇನ್ನೊಂದು ಕಡೆಗೂ ಹಾಗೆಯೇ. ಟಕ್ ಟಕ್ ಎಂಬ ಸದ್ದು ಬಂದರೆ ಆಕ್ಸಲ್‌ನ ಜಾಯಿಂಟು ಸವೆದಿದೆ. ಯಾರೋ ಹ್ಯಾಂಡ್‌ಬ್ರೇಕು ಹಿಡಿದಂತೆ ಗಾಡಿ ತಡೆದು ತಡೆದು ನಡುಗಿದರೆ ಆಲ್ ವೀಲ್ ಡ್ರೈವ್‌ನ ಕ್ಲಚ್ಚಿನಲ್ಲಿಯೇ ದೋಷವಿದೆ, ಅದರ ದುರಸ್ತಿಯ ಖರ್ಚು ವಿದ್ಯಾರ್ಥಿಯ ಕೈಗೆ ನಿಲುಕುವಂಥದ್ದಲ್ಲ. ಹಿಂದಿನ ಡಿಫರೆನ್ಷಿಯಲ್ ಮತ್ತು ಗೇರ್ ಬಾಕ್ಸಿನ ಎಣ್ಣೆ ಬದಲಿಸಿದ ಚೀಟಿಗಳನ್ನು ಕೇಳಿ ನೋಡಬೇಕು. ಹೀಟರು ಪೂರ್ತಿ ಬಿಸಿಗಾಳಿ ಕೊಡುತ್ತದೆಯೇ, ಹಿಂದಿನ ಗಾಜಿನ ಮಂಜನ್ನು ಕರಗಿಸುವ ತಂತಿಗಳು ಕೆಲಸ ಮಾಡುತ್ತವೆಯೇ ಎಂಬುದು ಬೇಸಿಗೆಯಲ್ಲಿ ಕೊಳ್ಳುವವರಿಗೆ ನೆನಪಾಗುವುದೇ ಇಲ್ಲ. ಬ್ಯಾಟರಿಯ ಶಕ್ತಿ 18 ಡಿಗ್ರಿ ಮೈನಸ್‌ನಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುವುದರಿಂದ ನಾಲ್ಕೈದು ವರ್ಷ ಹಳೆಯದಾಗಿದ್ದರೆ ಬದಲಿಸುವ ಲೆಕ್ಕ ಇಟ್ಟುಕೊಂಡೇ ಬೆಲೆ ಮಾತಾಡಬೇಕು.

ಹಣದ ಹಂಚಿಕೆ ಹೇಗಿರಬೇಕೆಂದರೆ, ಕೈಯಲ್ಲಿ 10,000 ಡಾಲರ್ ಇದ್ದರೆ ಎಲ್ಲವನ್ನೂ ಕಾರಿಗೇ ಸುರಿಯದೆ 8,500ರ ಒಳಗಿನ ಕಾರನ್ನು ನೋಡಬೇಕು. ಕೊಳ್ಳುವ ಮೊದಲು ಮಾರುವವರಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ ಲಿಫ್ಟಿನ ಮೇಲೆ ತಪಾಸಣೆ ಮಾಡಿಸಲು ನೂರಿನ್ನೂರು ಡಾಲರ್ ಹೋಗುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಉಳಿದ ಹಣದಲ್ಲಿ ಚಳಿಗಾಲದ ನಾಲ್ಕು ಟೈರುಗಳು, ಬ್ಯಾಟರಿ ಮತ್ತು ಅಡಿಭಾಗಕ್ಕೆ ತುಕ್ಕು ತಡೆಯುವ ಎಣ್ಣೆಯ ಲೇಪನ ಬರುತ್ತವೆ. ತಾಳಿಕೋಟೆಯ ಕಾಕಾ ಅವರು ಕೊನೆಗೆ ಈ ಲೆಕ್ಕಕ್ಕೆ ಒಪ್ಪಿದರು, ಮಗನಿಗೆ ದಕ್ಷಿಣದ ರಾಜ್ಯದಿಂದ ಬಂದ ಒಂದು ಫಾರೆಸ್ಟರ್ ಸಿಕ್ಕಿತು. ಇಂಥ ಕಾರಿಗೆ ಚಳಿಗಾಲದ ಮುಂಚೆ ಬೇಡಿಕೆ ಹೆಚ್ಚುವುದರಿಂದ ಆಗಸ್ಟಿನಲ್ಲಿ ಬಂದಿಳಿಯುವ ಮಕ್ಕಳು ಸೆಪ್ಟೆಂಬರಿನಲ್ಲಿಯೇ ಹುಡುಕಾಟ ಮುಗಿಸಿ, ಅಕ್ಟೋಬರ್ ಮುಗಿಯುವುದರೊಳಗೆ ಟೈರು ಬದಲಿಸಲು ಅಂಗಡಿಯಲ್ಲಿ ದಿನ ಗೊತ್ತುಮಾಡಿಕೊಳ್ಳಬೇಕು. ಮೊದಲ ಹಿಮ ಬಿದ್ದ ಮರುದಿನ ಊರಿನ ಮಂದಿಯೆಲ್ಲ ಅದೇ ಅಂಗಡಿಯ ಮುಂದೆ ಸಾಲು ನಿಂತಿರುತ್ತಾರೆ.