ಹತ್ತು–ಹನ್ನೆರಡರ ಕೋಣೆಗೆ ಎರಡು ದಿನ

ಮಂಕಾದ ಕೋಣೆಗೆ ಎರಡೇ ದಿನದಲ್ಲಿ ಹೊಸ ಕಳೆ ತರುವ ಕೆಲಸ ಇದು. ಶನಿವಾರ ಬೆಳಿಗ್ಗೆ ಮಂಚ, ಕಪಾಟು, ಮೇಜು, ಮೊಳೆಗೆ ನೇತುಹಾಕಿದ ಚೀಲಗಳು ಎಲ್ಲ ಹೊರಗೆ ಬಂದ ಮೇಲೆ ಬರೀ ಕೋಣೆಯ ನಡುವೆ ಸ್ವಲ್ಪ ಹೊತ್ತು ನಿಲ್ಲಬೇಕು. ಹೊಸದಾಗಿ ತರಬೇಕು ಅಂದುಕೊಂಡ ಸಾಮಾನಿನಲ್ಲಿ ಮುಕ್ಕಾಲು ಪಾಲು ಬೇಕಾಗಿಲ್ಲ ಅನ್ನುವುದು ಆಗಲೇ ಹೊಳೆಯುತ್ತದೆ. ಈ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ, ಎತ್ತರ ಹತ್ತು ಅಡಿ. ಕಿಟಕಿಯ ಕೆಳಗೆ ಬಣ್ಣ ಚಕ್ಕೆ ಎದ್ದಿತ್ತು. ಮಂಚದ ತಲೆಯ ಕಡೆ ಗೋಡೆಗೆ ಜಿಡ್ಡು ಹಿಡಿದಿತ್ತು. ನಡುಚಾವಣಿಯ ಒಂದೇ ದೀಪ ನೀಲಿ ಬೆರೆತ ಬಿಳಿ ಬೆಳಕು ಚೆಲ್ಲುತ್ತಿತ್ತು. ಕೋಣೆ ಮಂಕಾಗಿ ಕಾಣಲು ಈ ಮೂರೇ ಕಾರಣ. ಉಳಿದದ್ದು ಬರೀ ಕೊಳೆ.

ಮೊದಲು ಲೆಕ್ಕ. ನಾಲ್ಕೂ ಗೋಡೆ ಸೇರಿ 440 ಚದರ ಅಡಿ, ಬಾಗಿಲು ಕಿಟಕಿ ಕಳೆದರೆ ಸುಮಾರು 400. ಒಂದು ಲೀಟರ್ ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆಬಣ್ಣ) ನಯವಾದ ಗೋಡೆಗೆ ಒಂದು ಕೋಟ್‌ನಲ್ಲಿ 110ರಿಂದ 120 ಚದರ ಅಡಿ ಬರುತ್ತದೆ. ಎರಡು ಕೋಟ್‌ಗೆ ಏಳು ಲೀಟರ್ ಆಯಿತು. ಆದರೆ ಎರಡು ಗೋಡೆ ಚೆನ್ನಾಗಿಯೇ ಇದ್ದವು, ತೊಳೆದರೆ ಸಾಕಿತ್ತು. ಹಾಗಾಗಿ ಮಂಚದ ಹಿಂದಿನ ಹನ್ನೆರಡು ಅಡಿ ಗೋಡೆಗೆ ಹೊಸ ಬಣ್ಣ, ಕಿಟಕಿಯ ಹತ್ತು ಅಡಿ ಗೋಡೆಗೆ ಹಳೆಯ ಬಿಳಿ ಬಣ್ಣವೇ. ಎರಡಕ್ಕೂ ಸೇರಿ ನಾಲ್ಕು ಲೀಟರ್ ಸಾಕು. ಕಿಟಕಿಯ ಕೆಳಗಿನ ಕಲೆಯಷ್ಟಕ್ಕೇ ಬಣ್ಣ ಬಳಿದರೆ ಆಗದೇ ಅನ್ನಿಸಬಹುದು. ಆಗುವುದಿಲ್ಲ. ಅದೇ ನಂಬರಿನ ಬಿಳಿ ತಂದರೂ ಹಳೆಯದು ಮಾಸಿರುತ್ತದೆ, ತೇಪೆ ಎದ್ದು ಕಾಣುತ್ತದೆ. ಮೂಲೆಯಿಂದ ಮೂಲೆಗೆ ಇಡೀ ಗೋಡೆ ಬಳಿದರೆ ವ್ಯತ್ಯಾಸ ಮೂಲೆಯಲ್ಲಿ ಅಡಗಿಹೋಗುತ್ತದೆ, ಏಕೆಂದರೆ ಅಕ್ಕಪಕ್ಕದ ಎರಡು ಗೋಡೆಗಳ ಮೇಲೆ ಬೆಳಕು ಹೇಗೂ ಬೇರೆಬೇರೆಯಾಗಿಯೇ ಬೀಳುತ್ತದೆ.

ಚಕ್ಕೆ ಎದ್ದ ಜಾಗದ ಕೆಲಸ ಮಾತ್ರ ಶನಿವಾರ ಶುರುವಾದದ್ದಲ್ಲ, ತಿಂಗಳ ಮೊದಲೇ ಆಗಿತ್ತು. ಬಣ್ಣ ಏಳುವುದು ಬಣ್ಣದ ತಪ್ಪಿನಿಂದ ಎಂದುಕೊಂಡು ಮತ್ತೆ ಮತ್ತೆ ಬಳಿಯುವ ಮನೆಗಳನ್ನು ನೋಡಿದರೆ ಸಂಕಟವಾಗುತ್ತದೆ. ಗೋಡೆಯೊಳಗೆ ನೀರಿದ್ದರೆ ಎಂಥ ದುಬಾರಿ ಬಣ್ಣವೂ ನಿಲ್ಲುವುದಿಲ್ಲ. ಕಂಡುಹಿಡಿಯುವುದು ಸುಲಭ. ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಬಿಗಿದು ಒಂದು ಹಗಲು ಒಂದು ರಾತ್ರಿ ಬಿಡಬೇಕು. ಹಾಳೆಯ ಒಳಮೈಗೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಗೆ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ, ಗಾಳಿಯಾಡಲು ಬಿಟ್ಟರೆ ಸಾಕು. ಇಲ್ಲಿ ಹನಿ ಕಟ್ಟಿದ್ದು ಒಳಮೈಗೆ. ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ ಕೂದಲೆಳೆಯ ಬಿರುಕು, ಮಳೆನೀರು ಅದರಲ್ಲಿ ಇಳಿಯುತ್ತಿತ್ತು. ಅದನ್ನು ಹೊರಗಡೆಯಿಂದ ಸೀಲಂಟ್ ಹಾಕಿ ಮುಚ್ಚಿ, ಗೋಡೆ ಪೂರಾ ಒಣಗಲು ನಾಲ್ಕು ವಾರ ಬಿಟ್ಟು, ಮತ್ತೆ ಪ್ಲಾಸ್ಟಿಕ್ ಅಂಟಿಸಿ ನೋಡಿ, ಹನಿ ಇಲ್ಲ ಅಂದ ಮೇಲೇ ಕೆಲಸದ ದಿನ ಗೊತ್ತು ಮಾಡಿದ್ದು.

ಗೋಡೆ ತೊಳೆಯುವುದು ಕೆಳಗಿನಿಂದ ಮೇಲಕ್ಕೆ. ಕೇಳಲು ವಿಚಿತ್ರ, ಕಾರಣ ಸರಳ: ಮೇಲಿನಿಂದ ಶುರು ಮಾಡಿದರೆ ಸೋಪಿನ ನೀರು ಒಣ ಕೊಳೆಯ ಮೇಲೆ ಹರಿದು ಗೆರೆ ಎಳೆಯುತ್ತದೆ, ಆ ಗೆರೆ ಆಮೇಲೆ ಹೋಗುವುದು ಕಷ್ಟ. ಕೆಳಭಾಗ ಮೊದಲೇ ಒದ್ದೆಯಾಗಿದ್ದರೆ ನೀರು ಹರಿದರೂ ಕಲೆ ಕೂರುವುದಿಲ್ಲ. ಐದು ಲೀಟರ್ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಚಮಚ, ಚೆನ್ನಾಗಿ ಹಿಂಡಿದ ಸ್ಪಂಜು. ಕೊನೆಗೆ ಬರೀ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಬೇಕು, ಸೋಪು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಸ್ವಿಚ್ ಬೋರ್ಡಿನ ಸುತ್ತ ತೊಳೆಯುವ ಮುನ್ನ ಮೇನ್ ಆಫ್ ಮಾಡುವುದನ್ನು ಮರೆಯಬಾರದು. ಜಿಡ್ಡಿನ ಕಲೆ ಎರಡು ಸಲ ತೊಳೆದರೂ ಬಿಡದಿದ್ದರೆ ಅಷ್ಟು ಜಾಗಕ್ಕೆ ಆಯಿಲ್ ಪ್ರೈಮರ್ (ಬಣ್ಣಕ್ಕೆ ಮುನ್ನ ಬಳಿಯುವ ತಳಪದರ) ಒಂದು ಕೋಟ್ ಕೊಡಬೇಕು. ಇಲ್ಲದಿದ್ದರೆ ನೀರಿನ ಬಣ್ಣದ ಮೇಲೆ ವಾರದೊಳಗೆ ಹಳದಿ ಮಚ್ಚೆ ಮೂಡಿ ಬರುತ್ತದೆ.

ತೊಳೆಯುವ ಮುನ್ನ ಇನ್ನೆರಡು ಪರೀಕ್ಷೆ. ಅಂಗೈಯಿಂದ ಗೋಡೆ ಉಜ್ಜಿದಾಗ ಬಿಳಿ ಪುಡಿ ಅಂಟಿದರೆ ಅದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ಪುಡಿ ಪೂರ್ತಿ ಕೆರೆದು ತೆಗೆಯದೆ ಎಮಲ್ಷನ್ ಬಳಿದರೆ ಅದು ಪುಡಿಗೆ ಅಂಟುತ್ತದೆಯೇ ಹೊರತು ಗೋಡೆಗಲ್ಲ. ಗೋಡೆ ಹೊಳೆಯುತ್ತಿದ್ದರೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಬೇಕು. ಬಣ್ಣ ಬಟ್ಟೆಗೆ ಬಂದರೆ ನೀರಿನ ಬಣ್ಣ, ಬಾರದಿದ್ದರೆ ಆಯಿಲ್ ಪೇಂಟ್. ಆಯಿಲ್ ಪೇಂಟಿನ ಹೊಳಪನ್ನು ಉಪ್ಪುಕಾಗದದಿಂದ ಕೊಂದು ಪ್ರೈಮರ್ ಕೊಟ್ಟ ಮೇಲೇ ಮುಂದಿನ ಮಾತು. ತುಂಬಾ ಹಳೆಯ ಮನೆಯಾದರೆ ಒಣ ಉಜ್ಜುವಿಕೆ ಬೇಡವೇ ಬೇಡ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳಿಗೆ ವಿಷ. ಅಂಥ ಬಣ್ಣವಿರಬಹುದು ಅನ್ನಿಸಿದರೆ ತಿಳಿದವರಿಂದ ಪರೀಕ್ಷೆ ಮಾಡಿಸಿಯೇ ಮುಟ್ಟಬೇಕು.

ಕಿಟಕಿಯ ಕೆಳಗೆ, ಗೋಡೆಯೊಳಗಿನ ನೀರು ಹೊತ್ತು ತಂದ ಬಿಳಿ ಉಪ್ಪು ಪುಡಿಪುಡಿಯಾಗಿ ಕೂತಿತ್ತು. ಅದಕ್ಕೆ ನೀರು ತಾಗಿಸಬಾರದು. ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ಸಡಿಲ ಬಣ್ಣವನ್ನೆಲ್ಲ ಸ್ಕ್ರೇಪರ್‌ನಿಂದ ಕೆರೆದು ಗಟ್ಟಿ ಗಾರೆ ಕಾಣುವವರೆಗೆ ಹೋದೆವು. ಅಂಗೈಯಷ್ಟು ಕಾಣುತ್ತಿದ್ದ ಕಲೆ ಕೆರೆದಾಗ ಎರಡು ಅಡಿ ಅಗಲವಾಯಿತು. ಇದು ಯಾವಾಗಲೂ ಹೀಗೆಯೇ, ಧೈರ್ಯಗೆಡಬಾರದು. ಸ್ಕ್ರೇಪರಿನ ತುದಿ ತೂರಿದರೆ ಏಳುವ ಬಣ್ಣ ಇಂದಲ್ಲ ನಾಳೆ ಎದ್ದೇ ಏಳುತ್ತದೆ.

ಆ ಬರೀ ಗಾರೆಗೆ ಸಿಮೆಂಟ್ ಪುಟ್ಟಿ, ಅಂದರೆ ತಗ್ಗು ತುಂಬಿ ಗೋಡೆ ನಯ ಮಾಡುವ ಪುಡಿ. ಒಂದು ಕಿಲೋ ಪುಡಿಗೆ ಸುಮಾರು 380 ಮಿಲಿ ನೀರು. ಕರಣೆ ಓರೆ ಮಾಡಿದರೆ ಜಾರದ, ಗೋಡೆಗೆ ಎಳೆದರೆ ಹರಿಯದ ಹದ ಇರಬೇಕು. ಕಲಸಿದ್ದು ಎರಡು ಗಂಟೆಯೊಳಗೆ ಖರ್ಚಾಗಬೇಕು, ಗಟ್ಟಿಯಾಗತೊಡಗಿದ್ದಕ್ಕೆ ಮತ್ತೆ ನೀರು ಹಾಕಿ ಬಳಸಿದರೆ ಪುಡಿ ಉದುರುತ್ತದೆ. ಗೋಡೆಯನ್ನು ಮೊದಲು ತುಸು ಒದ್ದೆ ಮಾಡಬೇಕು, ಒಣ ಗಾರೆ ಪುಟ್ಟಿಯ ನೀರನ್ನೆಲ್ಲ ಹೀರಿ ಬಿರುಕು ಬಿಡಿಸುತ್ತದೆ. ತೆಳ್ಳಗೆ ಎರಡು ಸಲ ಎಳೆಯುವುದು, ನಡುವೆ ನಾಲ್ಕಾರು ಗಂಟೆ. ಒಂದೇ ಸಲ ದಪ್ಪಗೆ ಮೆತ್ತಿ ಮುಗಿಸುವ ಆಸೆಯೇ ಬಿರುಕಿನ ಮೂಲ. ಹಳೆಯ ಬಣ್ಣದ ಮೇಲಿನ ಮೊಳೆತೂತುಗಳಿಗೆ ಮಾತ್ರ ಈ ಪುಟ್ಟಿ ಬೇಡ, ಅದು ಬಣ್ಣದ ಪದರಕ್ಕೆ ಹಿಡಿಯುವುದಿಲ್ಲ. ಡಬ್ಬಿಯಲ್ಲಿ ಬರುವ ಅಕ್ರಿಲಿಕ್ ಪುಟ್ಟಿಯನ್ನು ಬೆರಳಿನಿಂದ ಒತ್ತಿ ತುಂಬಿದರಾಯಿತು.

ಪುಟ್ಟಿ ಒಣಗುವ ಹೊತ್ತು ಕಪಾಟಿನ ಹಿಡಿಕೆಗಳಿಗೆ. ಹಿಡಿಕೆ ಬದಲಿಸಿದರೆ ಹಳೆಯ ಕಪಾಟಿನ ಮುಖವೇ ಬದಲಾಗುತ್ತದೆ, ಆದರೆ ಎರಡು ಸ್ಕ್ರೂ ತೂತುಗಳ ನಡುವಿನ ಅಂತರವನ್ನು ನಡುವಿನಿಂದ ನಡುವಿಗೆ ಮಿಲಿಮೀಟರಿನಲ್ಲಿ ಅಳೆದುಕೊಂಡೇ ಕೊಳ್ಳಬೇಕು. 96, 128 ಮಾಮೂಲಿ ಅಳತೆಗಳು. ಕಣ್ಣಂದಾಜಿನಲ್ಲಿ ತಂದರೆ ಹೊಸ ತೂತು ಕೊರೆಯಬೇಕು, ಹಳೆಯ ತೂತು ಮುಚ್ಚಬೇಕು.

ಭಾನುವಾರ ಬೆಳಿಗ್ಗೆ ಪುಟ್ಟಿಯನ್ನು 180 ನಂಬರಿನ ಉಪ್ಪುಕಾಗದದಿಂದ ಉಜ್ಜಿ ನಯ ಮಾಡುವುದು. ಕೈಗೆ ನಯ ಅನ್ನಿಸಿದರೆ ಸಾಲದು. ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಡ್ಡ ಬೆಳಕು ಬಿಡಬೇಕು. ಹಗಲಿನಲ್ಲಿ ಕನ್ನಡಿಯಂತೆ ಕಂಡ ಪುಟ್ಟಿಯ ಮೇಲೆ ಕರಣೆಯ ಅಂಚು ಎಳೆದ ಏಣು, ಗಾಳಿಗುಳ್ಳೆ ಒಡೆದ ಸೂಜಿತೂತು, ತೇಪೆಯ ಸುತ್ತಲಿನ ಮೆಟ್ಟಿಲು, ಎಲ್ಲಕ್ಕೂ ಒಂದೊಂದು ಉದ್ದ ನೆರಳು. ಪ್ರತಿಯೊಂದಕ್ಕೂ ಪೆನ್ಸಿಲಿನಿಂದ ಸುತ್ತು ಹಾಕಿ ತಿದ್ದಿದೆವು. ಈ ಅರ್ಧ ಗಂಟೆಗೆ ಪೈಸೆ ಖರ್ಚಿಲ್ಲ, ಆದರೆ ನೋಡಿದವರು ‘ಯಾರ ಕೈಲಿ ಮಾಡಿಸಿದಿರಿ’ ಎಂದು ಕೇಳುವುದು ಇದರಿಂದಲೇ. ಆಮೇಲೆ ಧೂಳನ್ನು ತುಸು ಒದ್ದೆಯಾದ ಬಟ್ಟೆಯಿಂದ ಒರೆಸಿ, ಎರಡೂ ಗೋಡೆಗೆ ಪ್ರೈಮರ್. ಪುಟ್ಟಿಯ ಜಾಗಕ್ಕೆ ಪ್ರೈಮರ್ ತಪ್ಪಿಸಿದರೆ ಬಣ್ಣ ಅಲ್ಲಷ್ಟೇ ಹೀರಿಕೊಂಡು ಮಂಕಾಗುತ್ತದೆ.

ಬಣ್ಣ ಆರಿಸಿದ್ದು ಅಂಗಡಿಯ ಪುಟ್ಟ ಕಾರ್ಡ್ ನೋಡಿ ಅಲ್ಲ. ಎರಡು ಅಡಿ ಉದ್ದಗಲದ ರಟ್ಟಿಗೆ ಎರಡು ಕೋಟ್ ಬಳಿದು ಮೂರು ದಿನ ಅದೇ ಗೋಡೆಗೆ ಒರಗಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. ಇಡೀ ಗೋಡೆ ತುಂಬಿದಾಗ ಬಣ್ಣ ಕಾರ್ಡಿಗಿಂತ ಗಾಢವಾಗಿ ಕಾಣುತ್ತದೆ, ಅನುಮಾನವಿದ್ದರೆ ಒಂದು ಹಂತ ತೆಳುವಾದದ್ದೇ ಲೇಸು. ಒಂದೇ ಬಣ್ಣದ ಎರಡು ಡಬ್ಬಿ ಇದ್ದರೆ ಎರಡನ್ನೂ ಒಂದು ಬಕೆಟ್ಟಿಗೆ ಸುರಿದು ಬೆರೆಸಿಕೊಳ್ಳಬೇಕು. ಡಬ್ಬಿಯಿಂದ ಡಬ್ಬಿಗೆ ಕೂದಲಷ್ಟು ವ್ಯತ್ಯಾಸವಿದ್ದರೂ ನಡುಗೋಡೆಯಲ್ಲಿ ಕಾಣುತ್ತದೆ.

ಅಂಚುಗಳನ್ನು ಎರಡಿಂಚಿನ ಬ್ರಷ್‌ನಿಂದ, ಮೈಯನ್ನು ಒಂಬತ್ತಿಂಚಿನ ರೋಲರ್‌ನಿಂದ. ನಾಲ್ಕೂ ಅಂಚು ಮುಗಿಸಿ ಆಮೇಲೆ ರೋಲರ್ ಹಿಡಿದರೆ ಅಂಚು ಒಣಗಿ ಚೌಕಟ್ಟಿನಂತೆ ಉಳಿದುಬಿಡುತ್ತದೆ. ಮೂರು ಅಡಿ ಅಂಚು, ಕೂಡಲೇ ಮೂರು ಅಡಿ ರೋಲರ್, ಹಾಗೆಯೇ ಮುಂದಕ್ಕೆ. ಒದ್ದೆ ಅಂಚಿನ ಮೇಲೇ ಮುಂದಿನ ಎಳೆತ ಬೀಳಬೇಕು. ಅದಕ್ಕೇ ಬಳಿಯುವಾಗ ಫ್ಯಾನ್ ಆಫ್, ಕಿಟಕಿ ಮಾತ್ರ ತೆರೆದಿರಲಿ. ಗೋಡೆಯ ನಡುವೆ ಫೋನ್ ಬಂದರೂ ಎತ್ತಬೇಡಿ, ಮೂಲೆ ಮುಟ್ಟಿದ ಮೇಲೆ ನಿಲ್ಲಿ. ಎರಡು ಕೋಟ್‌ನ ನಡುವೆ ನಾಲ್ಕು ಗಂಟೆ ಬಿಡಬೇಕು, ಆ ಹೊತ್ತಿಗೆ ರೋಲರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಟ್ಟರೆ ತೊಳೆಯುವುದು ತಪ್ಪುತ್ತದೆ. ಪಕ್ಕಕ್ಕೆ ಬಣ್ಣ ತಾಗದಿರಲೆಂದು ಅಂಚಿಗೆ ಅಂಟಿಸಿದ್ದ ಮಾಸ್ಕಿಂಗ್ ಟೇಪನ್ನು ಎರಡನೆಯ ಕೋಟ್ ಇನ್ನೂ ಹಸಿಯಿರುವಾಗಲೇ, ಓರೆಯಾಗಿ ಹಿಂದಕ್ಕೆ ಮಡಿಸಿಕೊಂಡು ನಿಧಾನಕ್ಕೆ ಎಳೆಯುವುದು. ಒಣಗಿದ ಮೇಲೆ ಎಳೆದರೆ ಬಣ್ಣದ ಹಾಳೆಯೂ ಜೊತೆಗೇ ಬರುತ್ತದೆ.

ಸಂಜೆ ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿಗಿಂತ ಆರಿಂಚು ಮೇಲೆ, ಅಕ್ಕಪಕ್ಕ ಎಂಟೆಂಟು ಇಂಚು ಹೊರಕ್ಕೆ ಚಾಚಿ ಕೂರಿಸಿದೆವು. ಪರದೆಗಳು ಹಳೆಯವೇ. ಸರಿಸಿದಾಗ ಬಟ್ಟೆ ಗಾಜನ್ನು ಬಿಟ್ಟು ಗೋಡೆಯ ಮೇಲೆ ನಿಲ್ಲುವುದರಿಂದ ಕಿಟಕಿ ಸುಮಾರು ಒಂದೂಕಾಲು ಅಡಿ ಹೆಚ್ಚು ಅಗಲವಾದಂತೆ ಕಾಣುತ್ತದೆ. ಹೊಸ ಹತ್ತಿ ಬಟ್ಟೆ ಹೊಲಿಸುವವರು ಕತ್ತರಿಸುವ ಮುನ್ನ ಒಮ್ಮೆ ನೀರಿಗೆ ಹಾಕಿ ಒಣಗಿಸಿಕೊಳ್ಳಲಿ, ಇಲ್ಲವಾದರೆ ಮೊದಲ ಒಗೆತದಲ್ಲೇ ಗಿಡ್ಡವಾಗುತ್ತದೆ. ಸರಳಿನ ಅಗಲದ ಎರಡರಷ್ಟು ಬಟ್ಟೆ ಇದ್ದರೆ ನೆರಿಗೆ ತುಂಬಿ ಬರುತ್ತದೆ.

ದೀಪಕ್ಕೆ ಬಂದರೆ, ಚಾವಣಿಯ 6500 ಕೆಲ್ವಿನ್ ಬಲ್ಬ್ ಬಿಚ್ಚಿ 3000ದ್ದು ಹಾಕಿದ್ದಷ್ಟೇ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ನೀಲಿ ಬಿಟ್ಟು ಹಳದಿಯ ಕಡೆಗೆ ಬರುತ್ತದೆ. ಮಂಚದ ಪಕ್ಕ, ಮೇಜಿನ ಮೇಲೆ ಎರಡು ಚಿಕ್ಕ ದೀಪ, ಅವೂ 3000ವೇ. ಒಂದೇ ಕೋಣೆಯಲ್ಲಿ ಎರಡು ಬಗೆಯ ಬಿಳಿ ಬೆರೆತರೆ ಹೊಸ ಬಣ್ಣವೂ ಕೊಳೆಯಾಗಿ ಕಾಣುತ್ತದೆ. ಖರ್ಚಿಗೆ ಹೋಲಿಸಿದರೆ ಇಡೀ ಎರಡು ದಿನದಲ್ಲಿ ಇಷ್ಟು ದೊಡ್ಡ ಬದಲಾವಣೆ ಬೇರೆ ಯಾವುದೂ ತರಲಿಲ್ಲ. ಕೈಯಲ್ಲಿ ಏನೂ ಇಲ್ಲದವರು ಇಲ್ಲಿಂದಲೇ ಶುರು ಮಾಡಲಿ.

ಚಿತ್ರಪಟಗಳನ್ನು ತೂಗುಹಾಕಲು ಆತುರಬೇಡ. ಅವುಗಳ ಅಳತೆಗೆ ಹಳೆ ಪತ್ರಿಕೆ ಕತ್ತರಿಸಿ ಹಗುರ ಟೇಪಿನಿಂದ ಹಳೆಯ ಗೋಡೆಗಳಿಗೆ ಅಂಟಿಸಿಟ್ಟು, ಚಿತ್ರದ ನಡು ನೆಲದಿಂದ 57–60 ಇಂಚಿಗೆ ಬರುವಂತೆ ಸರಿಸುತ್ತ ಹೋಗಬಹುದು. ಹೊಸ ಬಣ್ಣದ ಗೋಡೆ ಒಳಗಿನಿಂದ ಗಟ್ಟಿಯಾಗಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಟೇಪ್, ಸ್ಟಿಕ್ಕರ್, ತೊಳೆತ ಯಾವುದೂ ಬೇಡ, ಮಂಚವೂ ಮೂರಿಂಚು ದೂರವಿರಲಿ.

ಉಳಿದ ಬಣ್ಣವನ್ನು ದೊಡ್ಡ ಡಬ್ಬಿಯಲ್ಲೇ ಬಿಟ್ಟರೆ ಒಳಗಿನ ಗಾಳಿಗೆ ಕೆನೆ ಕಟ್ಟುತ್ತದೆ. ಕಂಠದವರೆಗೆ ತುಂಬುವಂಥ ಚಿಕ್ಕ ಗಾಜಿನ ಜಾಡಿಗೆ ಸೋಸಿ ಮುಚ್ಚಳ ಬಿಗಿದು ಇಡಬೇಕು. ಬಣ್ಣದ ನಂಬರು, ಬಳಿದ ದಿನ, ಯಾವ ಗೋಡೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದ್ದಾಯಿತು.