ಎದುರಿಗೆ ಇಳಿಯಿರಿ, ಪಕ್ಕಕ್ಕೆ ಸರಿಯಿರಿ

ಪಶ್ಚಿಮ ಆಸ್ಟ್ರೇಲಿಯದ ನಿಂಗಲೂನಲ್ಲಿ ವೇಲ್ ಶಾರ್ಕ್ (ತಿಮಿಂಗಿಲ ಶಾರ್ಕ್) ಎಂಬ ದೈತ್ಯ ಮೀನನ್ನು ನೋಡುವ ದಿನ ಶುರುವಾಗುವುದು ಹವಳದ ದಿಬ್ಬದ ಒಳಗಿನ ಶಾಂತ ನೀರಿನಲ್ಲಿ, ಒಂದು ಅಭ್ಯಾಸದ ಈಜಿನೊಂದಿಗೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾಸ್ಕಿನ ಅಂಚಿಗೆ ಮೀಸೆಯೋ ಕೂದಲೋ ಸಿಕ್ಕಿದ್ದರೆ ನೀರು ಒಸರುತ್ತದೆ. ಅದನ್ನು ಇಲ್ಲೇ ಸರಿಮಾಡಿಕೊಳ್ಳಬೇಕು, ಹೊರಗಿನ ಕಡಲಲ್ಲಿ ಅಷ್ಟು ವ್ಯವಧಾನ ಸಿಗುವುದಿಲ್ಲ. ವಾಂತಿ ತಡೆಯುವ ಮಾತ್ರೆಯನ್ನೂ ದೋಣಿ ಹತ್ತುವ ಮೊದಲೇ ನುಂಗಿರಬೇಕು. ತಲೆ ತಿರುಗತೊಡಗಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ.

ಸೀಸನ್ ಮಾರ್ಚ್‌ನಿಂದ ಜುಲೈವರೆಗೆ. ಮಾರ್ಚ್-ಏಪ್ರಿಲ್‌ನ ಹುಣ್ಣಿಮೆಯ ನಂತರದ ರಾತ್ರಿಗಳಲ್ಲಿ ಹವಳಗಳು ಮೊಟ್ಟೆ ಚೆಲ್ಲುತ್ತವೆ, ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಅಂದರೆ ಪ್ಲಾಂಕ್ಟನ್ ಹೆಚ್ಚುತ್ತದೆ, ಅದನ್ನು ಸೋಸಿ ತಿನ್ನಲು ಈ ಮೀನು ಬರುತ್ತದೆ. ಹೆಸರಿನಲ್ಲಿ ತಿಮಿಂಗಿಲ ಇದ್ದರೂ ಇದು ಕಿವಿರಿನಲ್ಲಿ ಉಸಿರಾಡುವ ಮೀನು. ಉಸಿರಿಗೆಂದು ಮೇಲೆ ಬರುವ ಅಗತ್ಯ ಇದಕ್ಕಿಲ್ಲ. ಒಮ್ಮೆ ಆಳಕ್ಕೆ ಇಳಿಯಿತೆಂದರೆ ಕಾದು ಕೂರುವುದರಲ್ಲಿ ಅರ್ಥವಿಲ್ಲ.

ಸಣ್ಣ ವಿಮಾನವೊಂದು ಮೇಲಿನಿಂದ ನೆರಳು ಹುಡುಕಿ ದೋಣಿಗೆ ತಿಳಿಸುತ್ತದೆ. ಶಾರ್ಕಿನ ಸುತ್ತ 250 ಮೀಟರ್ ವಲಯದೊಳಗೆ ಒಂದೇ ದೋಣಿ, ಅದೂ 30 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ನೀರಿನಲ್ಲಿ ಒಮ್ಮೆಗೆ 10 ಜನ. ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ.

ದೋಣಿ ಶಾರ್ಕಿನ ದಾರಿಯ ಮುಂದೆ ಇಳಿಸುತ್ತದೆ. ಧುಮುಕಬೇಡಿ, ಜಾರಿ ಇಳಿಯಿರಿ. ಸದ್ದು ಎದ್ದರೆ ಮೀನು ತಿರುಗಬಹುದು. ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ: ತಲೆ ನೀರಿನ ಮೇಲಿಟ್ಟುಕೊಂಡು ‘ಎಲ್ಲಿ, ಎಲ್ಲಿ’ ಎಂದು ಕೇಳುತ್ತಿರುತ್ತಾರೆ, ಅಷ್ಟರಲ್ಲಿ ಬಸ್ಸಿನಷ್ಟು ಮೀನು ಕಾಲಡಿಯಲ್ಲೇ ದಾಟಿರುತ್ತದೆ. ಇಳಿದ ಕೂಡಲೇ ಮುಖ ನೀರೊಳಗಿರಲಿ, ಗೈಡ್ ತೋರಿಸಿದ ಕಡೆಗೇ ಕಣ್ಣಿರಲಿ. ಕೆಳಗೆ ತಳ ಕಾಣುವುದಿಲ್ಲ, ಬರೀ ನೀಲಿ. ಎದೆ ಡವಗುಟ್ಟುವುದು ಸಹಜ. ಉಸಿರಾಟದ ಕೊಳವೆಯಾದ ಸ್ನಾರ್ಕೆಲ್‌ನಲ್ಲಿ ನಿಧಾನವಾಗಿ, ಉದ್ದಕ್ಕೆ ಉಸಿರು ಬಿಡಿ.

ಆ ನೀಲಿಯಿಂದ ಮೊದಲು ಮೂಡುವುದು ಅಗಲವಾದ ಬಾಯಿ. ಅದಕ್ಕೆ ನೀವು ಆಹಾರವಲ್ಲ, ದಾರಿಯಲ್ಲಿರುವ ಅಡ್ಡಿ ಮಾತ್ರ. ಆದ್ದರಿಂದ ಪಕ್ಕಕ್ಕೆ ಸರಿದು ಮುಖ ದಾಟಲು ಬಿಟ್ಟು, ಎದೆಯ ರೆಕ್ಕೆಯ ಸಾಲಿನಲ್ಲಿ ಜೊತೆಯಾಗಿ ಈಜಿ. ಅಲ್ಲಿಂದ ಕಾಣುವಷ್ಟು ಚೆನ್ನಾಗಿ ಇನ್ನೆಲ್ಲಿಂದಲೂ ಕಾಣದು. ಅದರ ಓಟ ನಿಧಾನ ಅನ್ನಿಸುತ್ತದೆ, ಆದರೆ ಕಾಲಿಗೆ ಈಜುವ ಫಿನ್ ಹಾಕಿದವರಿಗೂ ಏದುಸಿರು ಬರುತ್ತದೆ. ಹಿಂದೆ ಬಿದ್ದರೆ ಅಟ್ಟಿಸಿಕೊಂಡು ಹೋಗಬೇಡಿ. ಆಚೀಚೆ ಬೀಸುವ ಬಾಲ ಇರುವುದು ಅಲ್ಲೇ. ನೀವು ಕೈ ಎತ್ತಿದರೆ ದೋಣಿ ಹತ್ತಿಸಿಕೊಂಡು ಮತ್ತೆ ಮುಂದೆ ಇಳಿಸುತ್ತದೆ. ಯಾರಾದರೂ ಎದುರಿಗೆ ಅಡ್ಡ ಬಂದರೆ, ಮೇಲಿನಿಂದ ಮುಳುಗಿ ಹತ್ತಿರ ಹೋದರೆ, ಮುಟ್ಟಿದರೆ, ಮೀನು ಆಳಕ್ಕೆ ಇಳಿದುಬಿಡಬಹುದು. ಒಬ್ಬರ ಆತುರಕ್ಕೆ ಇಡೀ ದೋಣಿಯ ಭಾಗ್ಯ ಹೋಗುತ್ತದೆ.

ಫ್ಲ್ಯಾಶ್ ನಿಷಿದ್ಧ. ಫೋಟೊ ತೆಗೆಯುವುದಾದರೆ ಎಡ ಮಗ್ಗುಲಿನಲ್ಲಿ, ಕಿವಿರಿನ ಸೀಳುಗಳ ಹಿಂದೆ, ರೆಕ್ಕೆಯ ಮೇಲಿನ ಭಾಗವನ್ನು ನೇರವಾಗಿ ತೆಗೆಯಿರಿ. ಅಲ್ಲಿನ ಚುಕ್ಕೆಗಳು ನಮ್ಮ ಬೆರಳಚ್ಚಿನಂತೆ. ನಕ್ಷತ್ರಗಳ ವಿನ್ಯಾಸ ಹೋಲಿಸಲು ಖಗೋಳ ವಿಜ್ಞಾನದಲ್ಲಿ ಬಳಸುತ್ತಿದ್ದ ಲೆಕ್ಕವನ್ನೇ ಮಾರ್ಪಡಿಸಿ, ಸಂಶೋಧಕರು ಒಂದೊಂದು ಶಾರ್ಕನ್ನೂ ಗುರುತಿಸುತ್ತಾರೆ. ನಿಮ್ಮ ಒಂದು ಚಿತ್ರ ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ನಮ್ಮ ಮುರುಡೇಶ್ವರದ ಆಚೆ, ನೇತ್ರಾಣಿ ದ್ವೀಪದ ಸುತ್ತಲೂ ಇದು ಅಪರೂಪಕ್ಕೆ ಕಾಣಿಸಿಕೊಳ್ಳುವುದುಂಟು. ಭಾರತದಲ್ಲಿ 2001ರಿಂದ ಇದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ವಿಮಾನವೂ ವಲಯವೂ ಇಲ್ಲದ ಅಲ್ಲಿ ಕಂಡರೆ, ಮೊದಲು ದೋಣಿಯವರಿಗೆ ಎಂಜಿನ್ ನ್ಯೂಟ್ರಲ್‌ಗೆ ಹಾಕಲು ಹೇಳಿ.