ಫೋಟೊ ಹಿಡಿದು ಹೊರಟ ಹೆಂಗಸರು

ವೆಸ್ಟರ್ನ್ ಸಿನಿಮಾ ಅಂದರೆ ನಮ್ಮನೇಲಿ ಅಪ್ಪನ ಖಾತೆ. ಕುದುರೆ, ಪಿಸ್ತೂಲು, ಧೂಳು. ಅವುಗಳಲ್ಲಿ ಹೆಂಗಸರಿಗೆ ಇದ್ದ ಕೆಲಸ ಬಾಗಿಲಲ್ಲಿ ನಿಂತು ದೂರ ನೋಡೋದು. ‘ದಿ ಸರ್ಚರ್ಸ್’ (1956) ಶುರುವಾಗುವುದೇ ಹಾಗೆ. ಕತ್ತಲಲ್ಲಿ ಒಂದು ಬಾಗಿಲು ತೆರೆಯುತ್ತೆ, ಮನೆಯಾಕೆ ಹೊರಗೆ ಬರ್ತಾಳೆ, ದೂರದಿಂದ ಜಾನ್ ವೇಯ್ನ್ ಕುದುರೆ ಮೇಲೆ ಬರ್ತಾನೆ. ಸ್ವಲ್ಪ ಹೊತ್ತಿಗೆ ಆಕೆಯ ಕಥೆ ಮುಗಿದೇ ಹೋಗುತ್ತೆ.

ಕಳೆದ ತಿಂಗಳು ಹಳೇ ಹಾರ್ಡ್ ಡಿಸ್ಕ್‌ನಲ್ಲಿ ‘ವೆಸ್ಟ್‌ವರ್ಡ್ ದ ವಿಮೆನ್’ ಸಿಕ್ಕಿತು. 1951ರದ್ದು, ಕಪ್ಪು ಬಿಳುಪು. ಕಥೆ ಫ್ರಾಂಕ್ ಕಾಪ್ರಾ ಬರೆದದ್ದು, ನಿರ್ದೇಶನ ವಿಲಿಯಂ ವೆಲ್‌ಮನ್. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಕೂತೆ. ಹುಣಸೇಹಣ್ಣು ಬಿಡಿಸ್ತಾ ಅವ್ವನೂ ಪಕ್ಕಕ್ಕೆ ಬಂದು ಕೂತಳು. ಅವಳಿಗೆ ಇಂಗ್ಲಿಷ್ ಬರಲ್ಲ, ಬೇಕಾಗಲೂ ಇಲ್ಲ.

ಕಥೆ ನಡೆಯೋದು 1851ರಲ್ಲಿ. ಕ್ಯಾಲಿಫೋರ್ನಿಯಾದ ಒಂದು ಕಣಿವೆಯಲ್ಲಿ ನೆಲೆ ನಿಂತ ಗಂಡಸರಿಗೆ ಹೆಂಡಿರಿಲ್ಲ. ಅವರ ಧಣಿ ಷಿಕಾಗೋಗೆ ಹೋಗಿ ನೂರಕ್ಕೂ ಹೆಚ್ಚು ಹೆಂಗಸರನ್ನು ಆರಿಸ್ತಾನೆ. ಗಂಡಸರ ಫೋಟೊಗಳನ್ನು ಹಲಗೆಗೆ ಅಂಟಿಸಿಟ್ಟಿದ್ದಾನೆ. ಒಬ್ಬೊಬ್ಬಳೂ ಬಂದು ತನಗೆ ಒಪ್ಪಿದ್ದನ್ನು ಕಿತ್ಕೊಂಡು ಹೋಗ್ತಾಳೆ. ಇಲ್ಲಿ ಅವ್ವ ಜೋರಾಗಿ ನಕ್ಕಳು. ಅವಳನ್ನು ನೋಡೋಕೆ ಬಂದವರು ಹದಿನಾಲ್ಕು ಜನರಂತೆ, ಇವಳು ತಲೆ ಎತ್ತಿ ನೋಡಿದ್ದು ಒಬ್ಬರನ್ನೂ ಇಲ್ಲ.

ಆಮೇಲೆ ಬರೀ ಕೆಲಸ. ಹೇಸರಗತ್ತೆ ಹೂಡೋದು, ಬಂದೂಕು ಹಿಡಿಯೋದು, ಕಡಿದಾದ ಇಳಿಜಾರಿನಲ್ಲಿ ಬಂಡಿ ಇಳಿಸೋದು. ಪ್ರಯಾಣದುದ್ದಕ್ಕೂ ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನಬಹುದು. ಗಾಲಿ, ಗೊರಸು, ಏದುಸಿರು, ಅಷ್ಟೆ. ಹೆರಿಗೆ ನೋವು ತಿನ್ನುತ್ತಿರುವವಳೊಬ್ಬಳ ಬಂಡಿಯ ಗಾಲಿ ಕೈಕೊಟ್ಟಾಗ ಉಳಿದವರು ಭುಜ ಕೊಟ್ಟು ಬಂಡಿಯನ್ನೇ ಎತ್ತಿ ಹಿಡೀತಾರೆ. ಮಗು ಹುಟ್ಟೋ ತನಕ ಬಿಡಲ್ಲ. ನಾನು ಕಣ್ಣೊರೆಸಿಕೊಳ್ತಿದ್ದರೆ ಅವ್ವ, "ಹೊರಡೋ ಮುಂಚೆ ಕಡಾಣಿ ನೋಡ್ಕೋಬೇಕಿತ್ತು" ಅಂದಳು. ಹುಡುಗಿಯಾಗಿದ್ದಾಗ ಹೊಲದಿಂದ ಜೋಳದ ಬಂಡಿ ಹೊಡ್ಕೊಂಡು ಬಂದವಳು, ಅವಳ ಕಣ್ಣು ಅಲ್ಲೇ.

"ಬೆಂಕಿಗೆ ಇಷ್ಟೊಂದು ಸೌದೆ ಎಲ್ಲಿಂದ ತರ್ತಾರೆ?" ಅಂತಲೂ ಕೇಳಿದಳು. ಸರಿಯಾದ ಪ್ರಶ್ನೆ. ನಿಜವಾದ ಬಂಡಿ ಸಾಲುಗಳು ಮರವಿಲ್ಲದ ಬಯಲು ದಾಟುವಾಗ ಒಲೆಗೆ ಹಾಕ್ತಿದ್ದದ್ದು ಕಾಡೆಮ್ಮೆಯಂಥ ಬೈಸನ್‌ಗಳ ಒಣ ಸಗಣಿ. ಹೆಂಗಸರು ಮಕ್ಕಳು ನಡೀತಾ ನಡೀತಾ ಅದನ್ನು ಮಡಿಲಿಗೆ ಆಯ್ಕೊಳ್ತಿದ್ದರು. "ಕುಳ್ಳು ಅನ್ನು" ಅಂದಳು ಅವ್ವ. ಹಾಲಿವುಡ್‌ಗೆ ಕುಳ್ಳು ತೋರಿಸೋಕೆ ನಾಚಿಕೆ ಇರಬೇಕು.

ಮುಜುಗರಗಳೂ ಇವೆ. ದಾರಿ ತೋರಿಸೋ ರಾಬರ್ಟ್ ಟೇಲರ್ ನಾಯಕಿಗೆ ಹೊಡೀತಾನೆ, ಆಮೇಲೆ ಅದೇ ಪ್ರೀತಿ ಆಗುತ್ತೆ. ಆ ನೆಲದ ಮೂಲ ಜನ ಬರೋದು ದಾಳಿಗಷ್ಟೇ, ಯಾರಿಗೂ ಒಂದು ಹೆಸರಿಲ್ಲ. ಆದರೆ ದಾಳಿ ಮುಗಿದ ಮೇಲಿನ ದೃಶ್ಯ ನನ್ನನ್ನು ಬಿಟ್ಟಿಲ್ಲ. ಸತ್ತವರು ಯಾರು ಯಾರು ಅಂತ ಕೇಳಿದಾಗ ಬದುಕಿದವರು ಅಲ್ಲಲ್ಲಿಂದ ಒಂದೊಂದೇ ಹೆಸರು ಕೂಗ್ತಾರೆ. ಬಂಡೆಗಳಿಗೆ ಬಡಿದು ಆ ಹೆಸರು ವಾಪಸ್ ಬರುತ್ತೆ. ಅಳು ಇಲ್ಲ, ಪಿಟೀಲು ಇಲ್ಲ. ಅವ್ವ ಹುಣಸೇಹಣ್ಣು ಬಿಡಿಸೋದು ನಿಲ್ಲಿಸಿದ್ದಳು.

ಕಣಿವೆಯ ಬಾಗಿಲಿಗೆ ಬಂದ ಮೇಲೆ ಹೆಂಗಸರು ಮುಂದೆ ಹೆಜ್ಜೆ ಇಡಲ್ಲ. ಬಟ್ಟೆ ಎಲ್ಲ ಚಿಂದಿ. ಈ ಅವತಾರದಲ್ಲಿ ಬರಲ್ಲ, ಬಟ್ಟೆ ತರಿಸಿ ಅಂತ ಹಟ. ಗಂಡಸರು ಮೇಜಿನ ಬಟ್ಟೆ, ಕಂಬಳಿ, ಸಿಕ್ಕಿದ್ದೆಲ್ಲ ಕಳಿಸ್ತಾರೆ. ಇವರು ಹೊಲ್ಕೊಂಡು, ಉಟ್ಕೊಂಡು, ಕೈಯಲ್ಲಿ ಫೋಟೊ ಹಿಡ್ಕೊಂಡು, ತಾವು ಆರಿಸಿದವನನ್ನು ಹುಡುಕ್ತಾ ಬರ್ತಾರೆ.

"ಸೂಜಿ ಎಲ್ಲಿತ್ತೋ" ಅಂದೆ ನಾನು. "ಮರುಭೂಮೀಲಿ ಬಂಡಿ ಭಾರ ಅಂತ ಪೀಠೋಪಕರಣ, ಸೀರೆಗೀರೆ ಎಲ್ಲ ಎಸೆದಿದ್ರಲ್ಲ?"

"ಅವರೇನು ಸೀರೆ ಉಡ್ತಾರಾ" ಅಂದಳು ಅವ್ವ, ಬುಟ್ಟಿ ಎತ್ಕೊಂಡು. "ಸೂಜಿ ಎಸೆದಿರಲ್ಲ ಬಿಡು."